ಕಿರಂಗೂರು ದೀಪಕ್ಕೆ ಇಪ್ಪತ್ತೆರಡು ಪಂಪು

ನಮ್ಮ ಭಾವ ಮರಿಯಯ್ಯನವರ ಮನೆಗೆ ಹೊಸಬರು ಯಾರು ಬಂದರೂ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಬೇಕಿತ್ತು. ಭಕ್ತಿಯಿಂದಲ್ಲ, ಹಣೆ ಒಡೆಯದಿರಲಿ ಅಂತ. ಪಡಸಾಲೆಯ ತೊಲೆಯಿಂದ ಹಿಡಿದು ದನದ ಕೊಟ್ಟಿಗೆಯವರೆಗೆ ಎಲ್ಲೆಲ್ಲೂ ಹಳೆಯ ಬೀದಿದೀಪಗಳು ನೇತಾಡುತ್ತಿದ್ದವು. ಹೊರಗೆ ಹಸಿರು, ಒಳಗೆ ಬಿಳಿ ಬಣ್ಣದ ತಗಡಿನ ತಟ್ಟೆಗಳು, ಕೊಕ್ಕರೆಯ ಕತ್ತಿನಂತೆ ಬಾಗಿದ ಕಬ್ಬಿಣದ ತೋಳುಗಳು, ಪಿಂಗಾಣಿ ಹೋಲ್ಡರುಗಳು, ಮೂತಿ ಚೂಪಾದ ಗಾಜಿನ ಬಲ್ಬುಗಳು. ಎಣಿಸಿದರೆ ಅರವತ್ತಮೂರು. ಅಷ್ಟೂ ದೀಪಗಳಿದ್ದ ಮನೆಯಲ್ಲಿ ಸಂಜೆಯಾದರೆ ಉರಿಯುತ್ತಿದ್ದದ್ದು ಅಂಗಡಿಯಿಂದ ತಂದ ನಲವತ್ತು ಕ್ಯಾಂಡಲಿನ ಎರಡು ಬಲ್ಬು ಮಾತ್ರ.

ನಾನು ಚಿಕ್ಕಸ್ವಾಮಿ, ಮರಿಯಯ್ಯನವರ ಹೆಂಡತಿ ದ್ಯಾವಮ್ಮನ ತಮ್ಮ. ಪಾಂಡವಪುರದಿಂದ ಆರು ಮೈಲಿ ದೂರವಿರುವ ಅಕ್ಕನ ಊರಿಗೇ ಬಂದು ಹಿಟ್ಟಿನ ಮಿಲ್ಲು ಹಾಕಿಕೊಂಡವನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಊರವರು ಹೇಳುತ್ತಾರೆ. ಅವರು ತರುವ ರಾಗಿಯಲ್ಲಿನ ಕಲ್ಲು ನೋಡಿದರೆ ಎಂಥ ಸಾಧುವಿಗೂ ಸಿಟ್ಟು ಬರುತ್ತದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಭಾವ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಮೂವತ್ತೆರಡು ವರ್ಷದ ಸರ್ವಿಸನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನೊಳಗೇ ಮುಗಿಸಿದರು. ಎಲ್ಲಿ ಹಳೆಯ ದೀಪ ಕಳಚಿ ಟ್ಯೂಬ್‌ಲೈಟು ಹಾಕಿದರೂ, ಗುಜರಿಗೆ ಹೋಗುವ ಸಾಮಾನನ್ನು ಆಫೀಸಿನಲ್ಲಿ ಕೇಳಿ, ಚೀಟಿ ಬರೆಸಿಕೊಂಡು ಮನೆಗೆ ತರುತ್ತಿದ್ದರು. ಸಂತೆಬಾಚಹಳ್ಳಿ ಸಂತೆಮಾಳದ ದೀಪ ಒಂದು, ನಾಗಮಂಗಲದ ಪೇಟೆ ಬೀದಿಯವು ನಾಲ್ಕು, ಹೀಗೆ. ಊರಲ್ಲಿ ಅವರಿಗೆ ಗುಜರಿ ಮರಿಯಯ್ಯ ಅಂತಲೇ ಹೆಸರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಆದರೆ ಭಾವನಿಗೆ ಗೊತ್ತಿತ್ತು, ಗೊತ್ತಿದ್ದು ನೊಂದುಕೊಳ್ಳುತ್ತಿದ್ದರು. ನಾನೂ ಒಂದೆರಡು ಸಲ ಹಾಗೆ ಕರೆದವನೇ. ಸುಳ್ಳು ಯಾಕೆ ಹೇಳಲಿ.

ಈ ಹುಚ್ಚಿಗೆ ಮೂಲ ಅಕ್ಕನ ತವರಿನ ದೀಪ. ನಾನೂ ಅಕ್ಕನೂ ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಲ್ಲಿ. ನಮ್ಮ ಮನೆಯ ಮುಂದೆಯೇ ಬೀದಿದೀಪದ ಕಂಬ. ಮನೆಯೊಳಗೆ ಬುಡ್ಡಿ ದೀಪ, ಬೀದಿಯಲ್ಲಿ ಕರೆಂಟು. ಹಾಗಾಗಿ ಅವ್ವ ರಾತ್ರಿಯ ಮುದ್ದೆ ಬಡಿಸುತ್ತಿದ್ದದ್ದೂ, ನಾನು ಮಗ್ಗಿ ಒಪ್ಪಿಸುತ್ತಿದ್ದದ್ದೂ ಅಂಗಳದಲ್ಲೇ. ಅಕ್ಕನಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಆ ದೀಪವನ್ನು ಕಳಚುವ ಕೆಲಸ ಭಾವನ ಪಾಲಿಗೇ ಬಂತು. ಅವರು ಬಲ್ಬನ್ನು ನೆಲ್ಲುಹುಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಅಕ್ಕನ ಕೈಗೆ ಕೊಟ್ಟರು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಅಕ್ಕ ಅವತ್ತು ಒಬ್ಬಟ್ಟು ಮಾಡಿದಳಂತೆ. ಗಂಡಸರಿಗೆ ಅಷ್ಟು ಸಾಕು, ಭಾವ ಅಂದಿನಿಂದ ಕಂಡ ಕಂಡ ದೀಪವನ್ನೆಲ್ಲ ಹೊತ್ತು ತರತೊಡಗಿದರು.

ತೊಂಬತ್ನಾಲ್ಕರಲ್ಲಿ ಮೈಸೂರಿನ ಒಂದು ಟ್ರಸ್ಟಿನವರು ಹಳೆಯ ಕರೆಂಟು ದೀಪಗಳ ಮ್ಯೂಸಿಯಂ ಮಾಡಲು ಹೊರಟರು. ಅಲ್ಲಿಂದ ರವೀಂದ್ರ ಅನ್ನುವ ಕನ್ನಡಕದ ಯುವಕ ಭಾವನ ಮನೆಗೆ ಎರಡು ಮೂರು ಸಲ ಬಂದುಹೋದ. ಬಂದಾಗಲೆಲ್ಲ ದೀಪಕ್ಕೆ ಹಣೆ ತಾಗಿಸಿಕೊಂಡರೂ ಒಂದು ಮಾತು ಆಡಲಿಲ್ಲ, ಆದ್ದರಿಂದ ನನಗೆ ಅವನು ಹಿಡಿಸಿದ. ಕಿರಂಗೂರು ಬಲ್ಬನ್ನು ನೋಡಿದ ದಿನ ಅವನು ಸ್ಟೂಲು ಹತ್ತಿ ಅರ್ಧ ಗಂಟೆ ಇಳಿಯಲೇ ಇಲ್ಲ. ಅದರೊಳಗಿನದು ಲೋಹದ ತಂತಿಯಲ್ಲವಂತೆ, ಇದ್ದಿಲಿನ ಎಳೆಯಂತೆ. ಅಂಥ ಬಲ್ಬು ಒಡೆಯದೆ, ಎಳೆ ಕಡಿಯದೆ, ತನ್ನ ತಟ್ಟೆ ತೋಳುಗಳ ಸಮೇತ ಸಿಕ್ಕುವುದು ಬಹಳ ಅಪರೂಪವಂತೆ.

"ಇದೊಂದು ಹೀಗೇ ಇದ್ದರೆ ನಿಮ್ಮ ಅರವತ್ತಮೂರನ್ನೂ ತಗೋತೀವಿ," ಎಂದ. "ಒಂದು ಕೋಣೆ ಪೂರ್ತಿ ನಿಮ್ಮದೇ. ಬಾಗಿಲ ಮೇಲೆ ನಿಮ್ಮ ಹೆಸರು ಹಾಕ್ತೀವಿ. ಇದಿಲ್ಲದೆ ಹೋದರೆ, ಮಿಕ್ಕಂಥವು ನಮ್ಮ ಹತ್ತಿರ ಆಗಲೇ ಇವೆ, ಟ್ರಸ್ಟಿನವರು ಒಪ್ಪಲ್ಲ."

ಭಾವ ಅವತ್ತು ಮಿಲ್ಲಿಗೆ ಬಂದು ರಾಗಿ ಮೂಟೆಯ ಮೇಲೆ ಕೂತರು. "ಲೇ ಚಿಕ್ಕ, ಬಾಗ್ಲ ಮ್ಯಾಲೆ ಎಸ್ರು ಆಕ್ತಾರಂತೆ ಕಣ್ಲಾ," ಎಂದರು. ಅರವತ್ತೆರಡು ವರ್ಷದ ಮನುಷ್ಯನ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. ಗುಜರಿ ಅಂದದ್ದಕ್ಕೆ ಆಗ ನನಗೆ ನಾಚಿಕೆಯಾಯಿತು.

ಕಾರ್ತಿಕದ ಒಂದು ಭಾನುವಾರ ಮಧ್ಯಾಹ್ನ ವ್ಯಾನು ಬಂತು. ರವೀಂದ್ರ ಒಂದೊಂದೇ ದೀಪವನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದ. ಕೊನೆಗೆ ಕಿರಂಗೂರು ಬಲ್ಬಿಗೆ ಕೈ ಹಾಕಿದಾಗ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ಅಡ್ಡ ನಿಂತಳು.

"ಸ್ವಾಮಿ, ಮಿಕ್ಕಿದ್ದು ಇವ್ರವು, ಎಂಗಾರ ತಕಂಡೋಗಿ. ಇದು ನಮ್ಮ ತವರಿನ ದೀಪ. ಇದ ಕತ್ಲಲ್ಲಿ ಕಳ್ಸಾಕಿಲ್ಲ. ವಸಿ ಹೊತ್ತು ಹಚ್ಚಿ, ಕೈ ಮುಗ್ದು, ಆಮ್ಯಾಕೆ ಕಳಿಸ್ತೀನಿ."

ರವೀಂದ್ರ ಬೆವೆತುಹೋದ. ಎಂಬತ್ತು ವರ್ಷದ ಹಳೆಯ ಎಳೆ, ಇಪ್ಪತ್ತೈದು ವರ್ಷದಿಂದ ಹಚ್ಚೇ ಇಲ್ಲ, ಈಗಿನ ಕರೆಂಟು ಕೊಟ್ಟರೆ ಟಪ್ ಅಂತ ಹೋಗುತ್ತದೆ, ದಯವಿಟ್ಟು ಬೇಡ ಅಮ್ಮ ಅಂತ ಬೇಡಿಕೊಂಡ. ಅಕ್ಕ ಗೋಡೆಗೆ ಒರಗಿ ಕೂತಳು. ಅವಳು ಹಾಗೆ ಕೂತರೆ ಮುಗಿಯಿತು, ನಮ್ಮಪ್ಪನೂ ಅವಳನ್ನು ಎಬ್ಬಿಸಿದ್ದಿಲ್ಲ.

ಭಾವ ನನ್ನನ್ನು ಕರೆಸಿದರು. ನಾನು ಮೈಯೆಲ್ಲ ಹಿಟ್ಟಾಗಿ ಹೋದೆ. ಭಾವನ ಮುಖ ನೋಡಿದರೆ ಅಯ್ಯೋ ಅನಿಸಿತು. ಹಚ್ಚಿದರೆ ಬಲ್ಬು ಹೋಗುತ್ತದೆ, ಬಲ್ಬು ಹೋದರೆ ಬಾಗಿಲ ಮೇಲಿನ ಹೆಸರು ಹೋಗುತ್ತದೆ. ಹಚ್ಚದಿದ್ದರೆ ಹೆಂಡತಿಯ ಮನಸ್ಸು ಒಡೆಯುತ್ತದೆ. ಅವರು ಅಕ್ಕನಿಗೆ ಒಂದು ಸಲವೂ ಬೇಡ ಅನ್ನಲಿಲ್ಲ. ಅದಕ್ಕೇ ಭಾವನನ್ನು ಕಂಡರೆ ನನಗೆ ಇಷ್ಟ.

"ಇನ್ನೊಂದು ಬಲ್ಬಿನೊಳಗಿಂದ ಹಾಯ್ಸಿ ಇದಕ್ಕೆ ಕೊಡ್ತೀನಿ ಕಣಮ್ಮಿ," ಎಂದು ಭಾವ ಉಪಾಯ ಹೇಳಿದರು. "ಅರ್ಧ ಅದು ತಿಂತದೆ, ಅರ್ಧ ಇದಕ್ಕೆ ಬತ್ತದೆ. ಏನೂ ಆಗಾಕಿಲ್ಲ."

ಅಕ್ಕ ಒಪ್ಪಲಿಲ್ಲ. "ಅದು ತಿಂದು ಬುಟ್ಟಿದ್ದು ಅಂದ್ರೆ ಎಂಜಲು ಕರೆಂಟು. ತವರಿನ ದೀಪಕ್ಕೆ ಎಂಜಲು ಕೊಡ್ತೀರಾ?"

"ಅಕ್ಕ, ಆ ಕರೆಂಟು ಊರೆಲ್ಲ ಸುತ್ತಿ ಎಲ್ಲರ ಮನೆ ಎಂಜಲಾಗೇ ಬರೋದು," ಎಂದೆ.

"ಅದು ಕಾಲುವೆ ನೀರು ಕಣ್ಲಾ. ಇದು ಲೋಟದ ನೀರು. ಯತ್ಯಾಸ ಗೊತ್ತಿಲ್ವಾ ನಿಂಗೆ?"

ರವೀಂದ್ರ ಯಾವುದೋ ರೆಗ್ಯುಲೇಟರಿನ ಮಾತು ಎತ್ತಿದ. ಅದೂ ಒಂದು ಡಬ್ಬಿಯೊಳಗೆ ಹೊಕ್ಕು ಬರುವುದೇ ತಾನೆ ಅಂತ ಅಕ್ಕ ಅದನ್ನೂ ಎಂಜಲಿಗೆ ಸೇರಿಸಿದಳು. ಕಂಬದಿಂದ ನೇರ ಬರಬೇಕು, ಮಧ್ಯೆ ಏನೂ ಇರಬಾರದು. ಎಂ.ಎ. ಓದಿದ ಹುಡುಗ ಕನ್ನಡಕ ತೆಗೆದು ಒರೆಸತೊಡಗಿದ.

ಬೇರೆ ದಿನವಾಗಿದ್ದರೆ ತೊಂದರೆಯೇ ಇರಲಿಲ್ಲ. ನಮ್ಮೂರಿಗೆ ಇರುವುದು ಒಂದೇ ಟ್ರಾನ್ಸ್‌ಫಾರ್ಮರು, ಅದಕ್ಕೆ ಇಪ್ಪತ್ತೆರಡು ಪಂಪ್‌ಸೆಟ್ಟು. ಸಂಜೆ ಎಲ್ಲರೂ ಕಬ್ಬಿಗೆ, ಭತ್ತಕ್ಕೆ ನೀರು ಹಾಯಿಸಿದರೆ ಭಾವನ ಮನೆಗೆ ಬರುವಷ್ಟರಲ್ಲಿ ಕರೆಂಟು ಸುಸ್ತಾಗಿರುತ್ತಿತ್ತು. ಬಲ್ಬು ಉರಿಯುತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕು. ಅಷ್ಟು ಸೋತ ಕರೆಂಟಿಗೆ ಕಿರಂಗೂರು ಬಲ್ಬು ಹಾಯಾಗಿ ಹತ್ತುತ್ತಿತ್ತು. ಆದರೆ ಆ ವಾರ ಸೈಕ್ಲೋನ್ ಮಳೆ ಐದು ದಿನ ಹೊಡೆದಿತ್ತು. ಗದ್ದೆಯೆಲ್ಲ ಕೆರೆಯಾಗಿ ಒಂದು ಪಂಪೂ ಓಡುತ್ತಿರಲಿಲ್ಲ. ಭಾವ ಮೀಟರು ಹಿಡಿದು ನೋಡಿದರೆ ಮುಳ್ಳು ಇನ್ನೂರ ನಲವತ್ತು ವೋಲ್ಟಿನ ಹತ್ತಿರ. ಜನ್ಮದಲ್ಲಿ ಒಂದು ಸಲ ನಮ್ಮೂರಿಗೆ ಒಳ್ಳೆಯ ಕರೆಂಟು ಬಂದಿತ್ತು, ಅದೂ ಇವತ್ತೇ ಬರಬೇಕೆ.

"ನೂರೈವತ್ತಕ್ಕೆ ಇಳುದ್ರೆ ಧೈರ್ಯವಾಗಿ ಹಚ್ಚೇನು," ಎಂದರು ಭಾವ.

"ಅಂಗಾರೆ ಪಂಪು ಹಾಕ್ಸಿ," ಎಂದಳು ಅಕ್ಕ, ಉಪ್ಪು ತನ್ನಿ ಅನ್ನುವ ಹಾಗೆ.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಯಾಕೆಂದರೆ ಊರವರನ್ನು ಕೇಳಲು ಹೋಗಬೇಕಾದವನು ನಾನೇ. ಭಾವ ಯಾರ ಹತ್ತಿರವೂ ಒಂದು ಬೆಂಕಿಕಡ್ಡಿ ಕೇಳಿದವರಲ್ಲ. ಅವರ ಮಗ ಅಶೋಕ್ ಹಾಲಿನ ಡೈರಿಯ ಕಾರ್ಯದರ್ಶಿ, ಅವನ ಮೊಪೆಡ್ಡಿನ ಹಿಂದೆ ಕೂತು ಹೊರಟೆ. ಮೊದಲು ಸಿಕ್ಕವನು ದಾಸಯ್ಯ. ಮಳೆಗೆ ಒಡೆದ ಬದುವಿಗೆ ಮಣ್ಣು ಹಾಕುತ್ತಿದ್ದ.

"ದಾಸಯ್ಯ, ವಸಿ ಪಂಪು ಹಾಕಪ್ಪ," ಎಂದೆ.

ಅವನು ಗುದ್ದಲಿ ನೆಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ತಲೆ ನೆಟ್ಟಗದಾ? ಮೊಣಕಾಲುದ್ದ ನೀರು ನಿಂತದೆ. ಇದರ ಮ್ಯಾಲೆ ಇನ್ನೂ ನೀರು ಬುಡ್ಲಾ?"

"ಬಾವಿಯಿಂದ ಎತ್ತಿ ಬಾವಿಗೇ ಬುಡು. ಪೈಪು ತಿರುಗ್ಸು. ಕರೆಂಟು ಇಳೀಬೇಕು ಅಷ್ಟೇಯ."

"ಯಾಕೆ?"

ಹೇಳಿದೆ. ದ್ಯಾವಮ್ಮನ ತವರಿನ ದೀಪ, ಹಚ್ಚಿ ಕಳಿಸಬೇಕಂತೆ, ಪೂರ್ತಿ ಕರೆಂಟು ತಡೆಯುವುದಿಲ್ಲ ಅಂತ. ದಾಸಯ್ಯ ಬೈಯುತ್ತಾನೆ ಅಂದುಕೊಂಡಿದ್ದೆ, ಬೈದರೆ ತಿರುಗಿ ಬೈಯಲು ತಯಾರಾಗಿಯೂ ಇದ್ದೆ. ಅವನು ಕಾಲು ತೊಳೆದುಕೊಂಡು, "ಮೊದ್ಲೇ ಅಂಗೆ ಯೋಳಾಕೇನು ದಾಡಿ ನಿಂಗೆ? ತವರಿನ ದೀಪವ ಕತ್ಲಲ್ಲಿ ಕಳಿಸ್ತಾರಾ ಯಾರಾದ್ರೂ?" ಅಂತ ಪಂಪಿನ ಮನೆಗೆ ನಡೆದ. ಹೋಗುತ್ತಾ ಪಕ್ಕದ ಗದ್ದೆಯವನಿಗೂ ಕೂಗಿ ಹೇಳಿದ.

ಹಾಗೆ ಸುದ್ದಿ ನಮ್ಮ ಮೊಪೆಡ್ಡಿಗಿಂತ ಮುಂದೆ ಓಡಿತು. ನಾವು ಹೋಗುವ ಮೊದಲೇ ಕೆಲವರು ಪೈಪು ತಿರುಗಿಸುತ್ತಿದ್ದರು. ಎಷ್ಟು ಹೊತ್ತು ಅಂತ ಕೇಳಿದರೇ ಹೊರತು ಯಾಕೆ ಅಂತ ಯಾರೂ ಕೇಳಲಿಲ್ಲ. ಐದು ಗಂಟೆಗೆ ಮೋಡದ ಕೆಳಗೆ, ಕೊಚ್ಚೆ ತುಂಬಿದ ಬಯಲಿನಲ್ಲಿ ಇಪ್ಪತ್ತೆರಡು ಪಂಪು ಒಟ್ಟಿಗೆ ಗುಂಯ್‌ಗುಟ್ಟತೊಡಗಿದವು. ಬಾವಿಯ ನೀರು ಮೇಲೆ ಬಂದು ಅದೇ ಬಾವಿಗೆ ಬೀಳುತ್ತಿತ್ತು. ಹೊರಗಿನವರು ಯಾರಾದರೂ ನೋಡಿದ್ದರೆ ನಮ್ಮೂರಿಗೇ ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಿದ್ದರು.

ಮನೆಗೆ ಬಂದರೆ ಭಾವ ಮೀಟರಿನ ಮೇಲಿನ ಕಣ್ಣು ತೆಗೆಯದೆ, "ನೂರೆಪ್ಪತ್ತೆಂಟು. ಇನ್ನೂ ವಸಿ ಇಳೀಬೇಕು," ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಊರಲ್ಲಿ ಇನ್ನು ಉಳಿದಿದ್ದ ಮೋಟರು ನನ್ನ ಮಿಲ್ಲಿನದೊಂದೇ, ಹತ್ತು ಎಚ್‌ಪಿಯದು.

ಮಿಲ್ಲಿಗೆ ಓಡಿ ಮೋಟರು ಹಾಕಿದೆ. ಖಾಲಿ ಓಡಿದರೆ ಅದು ಹೆಚ್ಚು ಕರೆಂಟು ಎಳೆಯುವುದಿಲ್ಲ. ಕಲ್ಲಿನ ನಡುವೆ ಕಾಳು ಬೀಳುತ್ತಲೇ ಇರಬೇಕು, ಆಗ ಎಳೆಯುತ್ತದೆ. ಕಾಳು ನಿಂತರೆ ಕರೆಂಟು ಮೇಲೇರಿ ಅಲ್ಲಿ ಬಲ್ಬಿಗೆ ಕುತ್ತು. ಊರಿನ ಮಂಚಮ್ಮ ಬೀಸಲು ಬಿಟ್ಟುಹೋಗಿದ್ದ ಎರಡು ಮೂಟೆ ರಾಗಿ ಇತ್ತು. ಮೊರದಿಂದ ಎತ್ತೆತ್ತಿ ಸುರಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಅಶೋಕ್ ಮೊಪೆಡ್ಡಿನಲ್ಲಿ ಬಂದು, "ಮಾವ, ನೂರ ನಲವತ್ತೆಂಟು. ಹತ್ಸುದ್ರು. ಹತ್ತುತು. ನಿಲ್ಲುಸ್ಬ್ಯಾಡ," ಅಂತ ಕೂಗಿ, ಪಂಪಿನವರಿಗೂ ನಿಲ್ಲಿಸಬೇಡಿ ಅನ್ನಲು ಗದ್ದೆಯ ಕಡೆ ಹೋದ.

ಹತ್ತಿತು. ನನಗೆ ಸಂತೋಷವಾಯಿತು, ಭಾವನ ಹೆಸರು ಉಳಿಯಿತು ಅಂತ. ಇನ್ನೊಂದು ಮೊರ ರಾಗಿ ಸುರಿದೆ. ಆಗ ಹೊಳೆಯಿತು, ನಾನು ಈ ದೀಪವನ್ನು ನೋಡುವ ಹಾಗೇ ಇಲ್ಲ. ನಾನು ನೋಡಲು ಹೋದರೆ ಇಲ್ಲಿ ಕಾಳು ನಿಲ್ಲುತ್ತದೆ. ಅದರ ಕೆಳಗೆ ಉಂಡವನು ನಾನು, ಮಗ್ಗಿ ತಪ್ಪಿ ಅವ್ವನ ಕೈಲಿ ಏಟು ತಿಂದವನು ನಾನು. ಪಡಸಾಲೆಯಲ್ಲಿ ವ್ಯಾನಿನ ಡ್ರೈವರು ಸಹ ನಿಂತು ನೋಡುತ್ತಿದ್ದಾನೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಅಂತ ತಿಳಿಯದೆ ಮಂಚಮ್ಮನ ರಾಗಿಯಲ್ಲಿದ್ದ ಕಲ್ಲಿಗೆ ಬೈದೆ.

ಹತ್ತು ನಿಮಿಷವೂ ಆಗಿರಲಿಲ್ಲ. ಬಾಗಿಲಲ್ಲಿ ಅಕ್ಕ ಬಂದು ನಿಂತಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಕಾಲೆಲ್ಲ ಕೆಸರು, ಏದುಸಿರು.

"ಯಾಕಕ್ಕ? ಹೋಯ್ತಾ?"

"ಉರೀತಾ ಅದೆ. ಎಂಗೆ ಹಾಕ್ಬೇಕು ಇದ, ತೋರ್ಸು. ನೀನು ಓಗು."

"ನೀನು ನೋಡು ಹೋಗು. ನಿನ್ನ ದೀಪ."

"ನೋಡ್ದೆ. ಕಣ್ತುಂಬ ನೋಡ್ದೆ." ನನ್ನ ಕೈಯಿಂದ ಮೊರ ಕಿತ್ತುಕೊಂಡಳು. "ಕಳ್ಸೋನು ನೀನು ಕಣ್ಲಾ. ತವರಿಂದ ಹೆಣ್ಣ ಕಳ್ಸಾಕೆ ಒಡಹುಟ್ಟಿದ ಗಂಡಸು ಬರ್ಬೇಕಾ ಬ್ಯಾಡ್ವಾ? ನನ್ನ ಕಳ್ಸಾಕೆ ಯಾರು ಬಂದಿದ್ರು?"

ನಾನೇ ಹೋಗಿದ್ದೆ. ಆಗ ನನಗೆ ಹನ್ನೆರಡು ವರ್ಷ. ಅಕ್ಕನ ಟ್ರಂಕನ್ನು ತಲೆಯ ಮೇಲೆ ಹೊತ್ತು ರಸ್ತೆಗೆ ಬಂದು ಬಸ್ಸು ಹತ್ತಿಸಿದ್ದೆ. ಅವ್ವ ಅಂಗಳದಲ್ಲಿ, ಆ ದೀಪದ ಕೆಳಗೇ ನಿಂತಿದ್ದಳು.

"ಎಲ್ರೂ ಅಲ್ಲಿ ನಿಂತವ್ರೆ, ಕಳ್ಸೋನು ಮಾತ್ರ ಇಲ್ಲಿ ರಾಗಿ ಸುರೀತಾವ್ನೆ," ಎಂದಳು ಅಕ್ಕ. "ನೀನಿಲ್ಲ ಅಂತ ನಿಮ್ಮ ಭಾವನ್ಗೂ ಆರ್ಸಾಕೆ ಕೈ ಬರ್ನಿಲ್ಲ. ಓಡ್ಲಾ. ಮೂಟೇಲಿ ಇನ್ನು ವಸಿನೇ ಅದೆ."

ಓಡಿದೆ. ನಲವತ್ತೆಂಟು ವರ್ಷಕ್ಕೆ ಕೆಸರಿನಲ್ಲಿ ಓಡಿದವನು ನಾನೊಬ್ಬನೇ ಇರಬೇಕು, ಎರಡು ಸಲ ಜಾರಿದೆ, ಒಂದು ಚಪ್ಪಲಿ ಹೂತುಹೋಯಿತು. ಭಾವನ ಪಡಸಾಲೆಗೆ ಬಂದು ನಿಂತೆ.

ಅಕ್ಕ ತಟ್ಟೆಗೆ ಕುಂಕುಮವಿಟ್ಟು, ಕಬ್ಬಿಣದ ತೋಳಿಗೆ ಒಂದು ಎಳೆ ಸೇವಂತಿಗೆ ಸುತ್ತಿದ್ದಳು. ಬಲ್ಬಿನೊಳಗೆ ಕೊಕ್ಕೆಯಂತಿದ್ದ ಎಳೆ ಕೆಂಪಗೆ, ಒಲೆಯ ಕೆಂಡದ ಬಣ್ಣದಲ್ಲಿ ಉರಿಯುತ್ತಿತ್ತು. ಬಿಟ್ಟ ಕಣ್ಣಿನಲ್ಲಿ ನೋಡಬಹುದಾದ ಬೆಳಕು. ನಮ್ಮಂಗಳದ ಬೆಳಕು ಇದಕ್ಕಿಂತ ಹೆಚ್ಚಿತ್ತು ಅಂತ ನನ್ನ ನೆನಪು, ಆದರೆ ಬಣ್ಣ ಇದೇ. ಇದೇ ಬಣ್ಣದಲ್ಲಿ ಅವ್ವನ ಕೈ ಮುದ್ದೆ ಮುರಿಯುತ್ತಿತ್ತು. ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ ರವೀಂದ್ರ ನನಗೆ ಜಾಗ ಬಿಟ್ಟ. ಭಾವ ಮಾತ್ರ ಮೀಟರಿನಿಂದ ಕಣ್ಣು ತೆಗೆದಿರಲಿಲ್ಲ. ಪಾಪ, ಅವರು ದೀಪವನ್ನೇ ನೋಡಿರಲಿಲ್ಲ.

"ಭಾವ, ಮೀಟರು ನಾ ನೋಡ್ತೀನಿ. ನೀವು ದೀಪ ನೋಡಿ," ಎಂದೆ.

ಭಾವ ತಲೆ ಎತ್ತಿದರು. ನೋಡಿದರು. ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಮುಳ್ಳು ನೂರ ಐವತ್ತರ ಹತ್ತಿರ ಅಲ್ಲಾಡುತ್ತಿತ್ತು, ಅಕ್ಕ ಸುರಿಯುವ ಮೊರಕ್ಕೊಂದು ಸಲ ಇಳಿಯುತ್ತಿತ್ತು, ಮೊರ ತುಂಬುವಾಗ ಏರುತ್ತಿತ್ತು. ಆ ಮುಳ್ಳಿನಲ್ಲಿ ನನಗೆ ಅಕ್ಕನ ಕೈ ಕಾಣುತ್ತಿತ್ತು.

"ಸಾಕು ಕಣ್ಲಾ," ಎಂದರು ಭಾವ ಕೊನೆಗೆ. "ಕಳ್ಸು."

ಮೀಟರನ್ನು ಅವರ ಕೈಗೆ ಕೊಟ್ಟು ಸ್ವಿಚ್ಚಿನ ಹತ್ತಿರ ಹೋದೆ. ಕೈಯಲ್ಲಿ ಹಿಟ್ಟಿತ್ತು, ಪಂಚೆಗೆ ಒರೆಸಿಕೊಂಡೆ. ಇಷ್ಟು ಜನರ ಮುಂದೆ ದೀಪದ ಜೊತೆ ಮಾತಾಡುವುದು ಹೇಗೆ ಅಂತ ನಾಚಿಕೆಯಾಯಿತು. ಆದರೂ ಬಾಯಿ ಬಿಟ್ಟು ಹೇಳಿದೆ, "ಓಗ್ಬುಟ್ಟು ಬಾ ಕಣವ್ವ." ಸ್ವಿಚ್ಚು ಒತ್ತಿದೆ. ಎಳೆ ನಿಧಾನವಾಗಿ ಕಪ್ಪಾಯಿತು. ಭಾವ ಬಲ್ಬನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೂ ಕಡಿದಿಲ್ಲ ಅಂತ ತಲೆಯಾಡಿಸಿದರು. ರವೀಂದ್ರ ಅದನ್ನು ಹತ್ತಿಯಲ್ಲಿ ಸುತ್ತಿದ, ಸೇವಂತಿಗೆಯನ್ನು ಬೇರೆ ತೆಗೆದು ಜೇಬಿಗೆ ಹಾಕಿಕೊಂಡ. ವ್ಯಾನು ಆರು ಗಂಟೆಗೆ ಹೊರಟಿತು.

ಮಿಲ್ಲಿಗೆ ಬಂದರೆ ಅಕ್ಕ ಇನ್ನೂ ಸುರಿಯುತ್ತಿದ್ದಳು. ಹುಬ್ಬು, ಕೂದಲು, ಮೂಗುತಿ ಎಲ್ಲ ಹಿಟ್ಟು. ಎರಡು ಮೂಟೆ ರಾಗಿ ಮುಗಿದು, ನಮ್ಮ ಮನೆಯ ದನಗಳಿಗೆ ಇಟ್ಟಿದ್ದ ಜೋಳಕ್ಕೂ ಕೈ ಹಾಕಿದ್ದಳು. ಅತ್ತ ಪಂಪುಗಳೂ ಓಡುತ್ತಲೇ ಇದ್ದವು, ನಿಲ್ಲಿಸಿ ಅಂತ ಹೇಳುವುದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ನಾನು ಮೋಟರು ನಿಲ್ಲಿಸಿದೆ.

"ಕಳಿಸ್ದಾ?"

"ಕಳಿಸ್ದೆ ಕಣಕ್ಕ. ಬಲ್ಬಿಗೆ ಏನೂ ಆಗ್ಲಿಲ್ಲ."

"ಏನಂತ ಕಳಿಸ್ದೆ?"

"ಓಗ್ಬುಟ್ಟು ಬಾ ಅಂದೆ."

ಅಕ್ಕ ಖಾಲಿ ಮೂಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೂ ಅಂಗೇ ಅಂದಿದ್ದೆ," ಎಂದಳು.

"ಅಂದಿದ್ದೆ. ನೀನೆಲ್ಲಿ ಬಂದೆ? ಕಾದು ಕಾದು ಸಾಕಾಗಿ ನಾನೇ ನಿನ್ನ ಹಿಂದೆ ಬರಬೇಕಾಯ್ತು."

ಅಕ್ಕ ನಕ್ಕಳು. ನಗುತ್ತಾ ಅತ್ತಳು, ಅಳುತ್ತಾ ಮಡಿಲಲ್ಲಿದ್ದ ಹಿಟ್ಟು ಕೊಡವಿಕೊಂಡಳು.

"ಅಂಗಾರೆ ಇದ್ರ ಹಿಂದೇನೂ ಹೋಗೋದೇ ಕಣ್ಲಾ," ಎಂದಳು. "ಮೈಸೂರಿಗೆ ಬೆಳಿಗ್ಗೆ ಮೊದ್ಲನೇ ಬಸ್ಸು ಎಷ್ಟೊತ್ತಿಗದೆ, ಕೇಳ್ಕೊಂಡು ಬಾ."